ನಾಡಿಗನ್ನಡಿಯ ಮಾತು

ಕಣ್ಣಿನ ಒಳಗೆ ಹರಿಯುವ ರಕ್ತವನ್ನು ಮನೆಯಲ್ಲಿ ಕುಳಿತೇ ದಿನಾಲೂ ಅಳೆಯುವಂತಿದ್ದರೆ ಎಷ್ಟು ಜನರ ದೃಷ್ಟಿ ಉಳಿದೀತು ಎಂಬ ಪ್ರಶ್ನೆಯನ್ನು ಮೆಹರುನ್ನಿಸಾ ಬಳಿಗಾರ ಬಹಳ ವರ್ಷ ತಲೆಯಲ್ಲಿಟ್ಟುಕೊಂಡು ತಿರುಗಿದಳು. ಆಕೆ ಧಾರವಾಡದ ಹೊರಗೆ ಗುಡ್ಡದ ಮೇಲಿದ್ದ ಕಣ್ಣಿನ ಸಂಶೋಧನಾ ಕೇಂದ್ರದ ಮುಖ್ಯ ವೈದ್ಯೆ. ಗ್ಲಾಕೋಮಾ ಬಂದವರ ಕಣ್ಣೊಳಗಿನ ಒತ್ತಡವನ್ನು ಎಲ್ಲ ವೈದ್ಯರೂ ಅಳೆಯುತ್ತಿದ್ದರು, ಅದನ್ನು ಇಳಿಸುವ ಹನಿಯನ್ನು ಬರೆದು ಕೊಡುತ್ತಿದ್ದರು. ಆದರೂ ಒತ್ತಡ ಸರಿಯಿದ್ದ ಕೆಲವರ ದೃಷ್ಟಿ ಅಂಚಿನಿಂದ ಸವೆಯುತ್ತ ಬರುತ್ತಿತ್ತು. ಕಣ್ಣಿನ ನರಕ್ಕೆ ರಕ್ತವೇ ಸಾಲದಿದ್ದರೆ ನರ ಬದುಕುವುದು ಹೇಗೆ ಎಂಬುದು ಆಕೆಯ ವಾದ. ಹೃದಯ ರಕ್ತವನ್ನು ಮುಂದಕ್ಕೆ ದೂಡುತ್ತದೆ. ಕಣ್ಣು ತನ್ನ ಒತ್ತಡದಿಂದ ಅದನ್ನು ತಡೆಯುತ್ತದೆ. ದೂಡುವುದರಲ್ಲಿ ತಡೆಯುವುದನ್ನು ಕಳೆದು ಉಳಿದದ್ದೇ ನರದ ಪಾಲು.

ಕೊನೆಗೆ ಆಕೆ ಒಂದು ಪೆಟ್ಟಿಗೆ ಮಾಡಿದಳು. ಅದರ ಮುಂದೆ ಗದ್ದ ಊರಿ ಕೂತರೆ ಒಳಗೆ ಒಂದು ಮಂದವಾದ ಕೆಂಪು ಬೆಳಕು ಕಾಣುತ್ತಿತ್ತು. ಆ ಲೇಸರ್ ಬೆಳಕು ಕಣ್ಣಿನ ಹಿಂಗೋಡೆಗೆ ತಾಗಿ ಮರಳುವಾಗ ಸಾವಿರ ಚುಕ್ಕೆಗಳಾಗಿ ಒಡೆಯುತ್ತದೆ. ಅಲ್ಲಿ ರಕ್ತಕಣಗಳು ಓಡುತ್ತಿದ್ದರೆ ಚುಕ್ಕೆಗಳು ನಡುಗಿ ಒಂದರಲ್ಲೊಂದು ಕಲಸಿಹೋಗುತ್ತವೆ. ರಕ್ತ ನಿಧಾನವಾದರೆ ಚುಕ್ಕೆಗಳು ನಿಂತು ಸ್ಪಷ್ಟವಾಗುತ್ತವೆ. ಎಷ್ಟು ಕಲಸಿದೆ ಎಂಬುದನ್ನು ನೋಡಿ ಯಂತ್ರ ಹರಿವನ್ನು ಲೆಕ್ಕ ಹಾಕುತ್ತಿತ್ತು. ಜೊತೆಗೆ ಗಾಳಿಯ ಒಂದು ಸಣ್ಣ ಊದು ಕಣ್ಣಿನ ಒತ್ತಡವನ್ನೂ ಅಳೆಯುತ್ತಿತ್ತು.

ಅದಕ್ಕೆ ನಾಡಿಗನ್ನಡಿ, ಅಂದರೆ ನಾಡಿ ತೋರುವ ಕನ್ನಡಿ, ಎಂದು ಹೆಸರಿಟ್ಟವರು ಸತ್ಯವಂತ ಸಾಲಿಮನಿ ಮಾಸ್ತರರು. ಗದಗಿನ ಶಾಲೆಯಲ್ಲಿ ಮೆಹರುನ್ನಿಸಾಳಿಗೆ ಕನ್ನಡ ಕಲಿಸಿದವರು. ಅವರು ಬೆಟಗೇರಿಯಲ್ಲಿ ನಿವೃತ್ತರಾಗಿ ಕೂತಿದ್ದಾಗ, ಹೆಂಡತಿ ಎಸ್ತೇರ್ ತೀರಿಕೊಂಡು ಆರೇಳು ತಿಂಗಳಾಗಿದ್ದಾಗ, ಶಿಷ್ಯೆ ಮನೆಗೆ ಬಂದು ಕೂತಳು.

"ಪೆಟ್ಟಿಗಿ ಮಾತಾಡಬೇಕ್ರಿ ಸರ್ರ. ಬರೇ ಅಂಕಿ ತೋರಿಸಿದ್ರ ವಯಸ್ಸಾದವರಿಗೆ ಏನ್ ತಿಳೀಬೇಕು? ಮಾತು ನೀವು ಬರಕೊಡ್ರಿ. ದನಿನೂ ನಿಮ್ದ ಇರ್ಲಿ. ನಿಮ್ಮ ದನಿ ಕೇಳಿದ್ರ ನಾ ಈಗೂ ಎದ್ದು ನಿಂದರ್ತೀನಿ."

"ನೀ ನಿಂತದ್ದು ಯಾವಾಗ?" ಅಂದರು ಮಾಸ್ತರರು. "ಹಿಂದಿನ ಬೆಂಚಿನ್ಯಾಗ ನಿದ್ದಿ ಮಾಡ್ತಿದ್ದಿ."

ಅವರಿಗೆ ಆಗ ಒಂದು ಕೆಲಸ ಬೇಕಾಗಿತ್ತು. ಮನೆಯಲ್ಲಿ ಯಾವ ಮಾತಿಗೂ ಮರುಮಾತು ಇಲ್ಲದ ದಿನಗಳವು. ಪ್ರಾರ್ಥನೆಗೆ ಕೂತರೆ ಮೊದಲ ಸಾಲು ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ಯಂತ್ರಕ್ಕೆ ಬೇಕಾದ ವಾಕ್ಯಗಳು ಬೆರಳೆಣಿಕೆಯಷ್ಟೇ. ಅವರು ಅವನ್ನು ಒಂದು ಸೇವೆಯೆಂದು ತಿಳಿದು ಕೈಗೆತ್ತಿಕೊಂಡರು.

ಮೊದಲು ಬರೆದದ್ದು ತೀರ ಗ್ರಾಂಥಿಕವಾಯಿತು. "ನೇತ್ರದಲ್ಲಿ ರಕ್ತಸಂಚಾರ ಕ್ಷೀಣಿಸಿದೆ" ಎಂಬುದನ್ನು ಕೇಳಿ, ಪರೀಕ್ಷೆಗೆಂದು ಕರೆಸಿದ್ದ ಒಬ್ಬ ಮುದುಕ ಟೊಪ್ಪಿಗೆ ತೆಗೆದು, "ಯಾರು ತೀರಿಕೊಂಡ್ರಿ?" ಎಂದು ಕೇಳಿದ್ದ. ಕೋಣೆಯ ತುಂಬ ನಗೆ. ಮಾಸ್ತರರೂ ನಕ್ಕರು, ಆದರೆ ಆ ನಗೆ ಅವರಿಗೆ ನಾಟಿತು. ಜನ ಆಡುವ ಮಾತೇ ಇರಬೇಕೆಂದು ಹೊಸದಾಗಿ ಬರೆದರು:

"ಕಣ್ಣಿಗೆ ರಕ್ತ ಸಾಲುತ್ತಿಲ್ಲ. ಕಣ್ಣಿನ ಪ್ರೆಷರ್ ಇಳಿಯಬೇಕು. ಔಷಧ ತಪ್ಪಿಸಬೇಡಿ."

ಧ್ವನಿಮುದ್ರಣದ ಕೋಣೆಯಲ್ಲಿ ಕೂತು ಇದನ್ನು ಒಮ್ಮೆ ಓದಿ ನೋಡಿದರು. ಕಣ್ಣಿಗೆ, ಕಣ್ಣಿನ. ಒಂದರ ಬೆನ್ನಿಗೇ ಇನ್ನೊಂದು ಬಂದು ಎಡವಿದಂತಾಯಿತು. ಒಂದೇ ಪದ ಎರಡು ಸಲ ಬಂದರೆ ಮಕ್ಕಳ ಪ್ರಬಂಧದಲ್ಲಿ ಕೆಂಪು ಗೆರೆ ಎಳೆಯುವುದು ಅವರ ಜೀವಮಾನದ ರೂಢಿ. ಎರಡನೆಯದನ್ನು ಹೊಡೆದುಹಾಕಿದರು. ಈಗ ಮೂರು ವಾಕ್ಯಗಳೂ ಒಂದಕ್ಕೊಂದು ತೂಗಿ ನಿಂತವು.

"ಕಣ್ಣಿಗೆ ರಕ್ತ ಸಾಲುತ್ತಿಲ್ಲ. ಪ್ರೆಷರ್ ಇಳಿಯಬೇಕು. ಔಷಧ ತಪ್ಪಿಸಬೇಡಿ."

"ಪದಾ ಹಾಡಿದಂಗ ಕೇಳತೈತ್ರಿ," ಅಂದ ಯಂತ್ರದ ಎಂಜಿನಿಯರ್ ಕೊಟ್ರೇಶ. ಮೆಹರುನ್ನಿಸಾ ತಲೆಯಾಡಿಸಿದಳು. ವೈದ್ಯರ ಸಮಿತಿ ಒಪ್ಪಿತು. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನಾಡಿಗನ್ನಡಿ ಗದಗು, ಧಾರವಾಡದ ಕಡೆಯ ನೂರಾರು ಮನೆಗಳಲ್ಲಿ ಮಾಸ್ತರರ ದನಿಯಲ್ಲಿ ಮಾತಾಡತೊಡಗಿತು.

*

ಒಂದು ಪೆಟ್ಟಿಗೆ ಅವರ ಮನೆಗೂ ಬಂತು. ಅದು ಬಂದದ್ದು ಅವರ ಅಕ್ಕ ಕೃಪಾಬಾಯಿಗಾಗಿ. ಆಕೆ ಮದುವೆಯಾಗದೆ ಉಳಿದು, ಹುಡುಗಿಯರ ಶಾಲೆಯಲ್ಲಿ ಹೊಲಿಗೆ, ಕಸೂತಿ ಕಲಿಸಿದವಳು. ಎಸ್ತೇರ್ ಹೋದ ಮೇಲೆ ತಮ್ಮನಿಗೆ ಅನ್ನ ಮಾಡಿಹಾಕಲು ತನ್ನ ಟ್ರಂಕಿನೊಡನೆ ಬಂದು ಸೇರಿಕೊಂಡಿದ್ದಳು. ಎರಡೂ ಕಣ್ಣಿಗೆ ಗ್ಲಾಕೋಮಾ ಇತ್ತು. ಬೆಳಿಗ್ಗೆ ಸಂಜೆ ಹನಿ ಹಾಕಿಕೊಳ್ಳುತ್ತಿದ್ದಳು. ಭಾನುವಾರದ ಆರಾಧನೆಯಲ್ಲಿ ಬೈಬಲ್ ಪಾಠ ಓದುವ ಸರದಿ ಆಕೆಗೆ ತಿಂಗಳಿಗೊಮ್ಮೆ ಬರುತ್ತಿತ್ತು. ಅದರ ಹಿಂದಿನ ದಿನ ಸೀರೆಗೆ ಇಸ್ತ್ರಿ ಹಾಕಿಟ್ಟು, ಪಾಠವನ್ನು ಅಡಿಗೆಮನೆಯಲ್ಲಿ ಗಟ್ಟಿಯಾಗಿ ಓದಿ ಓದಿ ರೂಢಿ ಮಾಡಿಕೊಳ್ಳುತ್ತಿದ್ದಳು. ಬೇರೆ ಯಾವ ಹೆಮ್ಮೆಯನ್ನೂ ಆಕೆಯಲ್ಲಿ ಮಾಸ್ತರರು ಕಂಡಿರಲಿಲ್ಲ.

ಪೆಟ್ಟಿಗೆಯನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲಿಟ್ಟು ಅದಕ್ಕೊಂದು ಕ್ರೋಶಾ ಹೊದಿಕೆ ಹೆಣೆದಳು.

"ಹೊರಗ ಒಬ್ಬ ತಮ್ಮ, ಪೆಟ್ಟಿಗ್ಯಾಗ ಒಬ್ಬ ತಮ್ಮ," ಅನ್ನುತ್ತಿದ್ದಳು. "ಪೆಟ್ಟಿಗ್ಯಾಗಿನಾಂವ ಚಲೋ. ತಾಸಿಗೊಮ್ಮೆ ಚಾ ಕೇಳೂದಿಲ್ಲ."

"ಅಂವಾ ಸಂತಿಗೆ ಹೋಗಿ ಕಾಯಿಪಲ್ಲೆ ತರತಾನೇನು?"

"ನೀ ತರೂದು ನೋಡೀನಲ್ಲ. ಬಲತ ಬೆಂಡಿಕಾಯಿ."

ಮೊದಲ ವಾರಗಳಲ್ಲಿ ಪೆಟ್ಟಿಗೆ "ಹರಿವು ಚೆನ್ನಾಗಿದೆ" ಅನ್ನುತ್ತಿತ್ತು. ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಆ ಮೂರು ವಾಕ್ಯ ಹೇಳಿತು. ಮರುದಿನ ಹೇಳಲಿಲ್ಲ. ಮತ್ತೊಂದು ದಿನ ಹೇಳಿತು. ಆಮೇಲೆ ದಿನಾ ಹೇಳತೊಡಗಿತು.

"ಹನಿ ಹಾಕ್ಕೊಳ್ಳಾಕತ್ತೀ ಇಲ್ಲ?" ಎಂದು ಮಾಸ್ತರರು ಕೇಳಿದರು.

"ಹೊತ್ತು ತಪ್ಪಿಲ್ಲ."

ಅದು ನಿಜ. ಹನಿ ಹಾಕುವುದನ್ನು ಅವರು ಕಣ್ಣಾರೆ ನೋಡಿದ್ದರು. ಆದರೆ ಅಕ್ಕ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯುವುದನ್ನೂ ನೋಡಿದ್ದರು. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಆಕೆಗೆ ಕಣ್ಣು ಕತ್ತಲೆ ಬಂದು ಬಿದ್ದಳು. ಮೊಣಕಾಲು ತರಚಿತು. ಸಭಾಪಾಲಕರ ಹೆಂಡತಿ ನೀರು ಕುಡಿಸಿದರು. "ವಯಸ್ಸಾತು ಅಕ್ಕ, ಹೊಟ್ಟಿ ತುಂಬ ಉಣ್ಣಬೇಕು," ಎಂದು ಮಾಸ್ತರರು ಹೇಳಿದರು. ಆಕೆಗೆ ಓದುವಾಗ ಸಾಲು ಮುಗಿದು ಕೆಳಗಿನ ಸಾಲಿಗೆ ಬರುವುದು ತ್ರಾಸಾಗುತ್ತಿತ್ತು. ಆ ತಿಂಗಳ ಪಾಠದಲ್ಲಿ ಒಂದೇ ಸಾಲನ್ನು ಎರಡು ಸಲ ಓದಿದಳು. ಸಭೆಯಲ್ಲಿ ಯಾರೂ ಗಮನಿಸಲಿಲ್ಲ. ಮಾಸ್ತರರು ಮಾತ್ರ ಗಮನಿಸಿದರು, ಬಂದ ಪದವೇ ಮತ್ತೆ ಬಂದದ್ದಕ್ಕೆ.

*

ಸಂಕ್ರಾಂತಿಯ ನಂತರ ಮೆಹರುನ್ನಿಸಾ ಅವರನ್ನು ಧಾರವಾಡಕ್ಕೆ ಕರೆಸಿದಳು.

ಕೇಂದ್ರದ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಕೋಣೆ. ಗೋಡೆಯಗಲದ ಪರದೆಯ ಮೇಲೆ ಒಂದೊಂದು ಮನೆಯೂ ಒಂದೊಂದು ಗೆರೆಯಾಗಿ ಹರಿಯುತ್ತಿತ್ತು. ಎಲ್ಲ ಪೆಟ್ಟಿಗೆಗಳೂ ಬೆಳಗಿನ ಅಳತೆಯನ್ನು ಇಲ್ಲಿಗೆ ಕಳಿಸುತ್ತಿದ್ದವು. ಮೆಹರುನ್ನಿಸಾಳ ಮುಖ ಬಾಡಿತ್ತು.

"ಸರ್ರ, ಈ ಮ್ಯಾಲಿನ ಗೆರಿ ನೋಡ್ರಿ. ಸರಿ ಅದಾವ. ಕೆಳಗಿನವು ತಿಂಗಳಿಂದ ತಿಂಗಳಿಗೆ ಇಳಿಯಾಕತ್ತಾವ. ಬೆಳಿಗ್ಗೆ ಎದ್ದಾಗ ಹರಿವು ಬಾಳ ಕಡಿಮಿ. ಕಣ್ಣಿನ ಒತ್ತಡ ನೋಡಿದ್ರ ಅಂಥಾ ಏರಿಲ್ಲ. ರಾತ್ರಿ ಏನೋ ಆಗಾಕತ್ತೈತಿ, ತಿಳೀವಲ್ದು."

"ಈ ಎರಡು ಗುಂಪಿಗೆ ಏನು ವ್ಯತ್ಯಾಸ?"

ಕೊಟ್ರೇಶ ಕೆಮ್ಮಿದ. "ಅದ ಮಜಾ ಐತ್ರಿ. ಮ್ಯಾಲಿನವ್ರು ಪೆಟ್ಟಿಗಿ ದನಿ ಬಂದ್ ಮಾಡಿಟ್ಟವ್ರು. ಇಲ್ಲಾ, ಕಿವಿ ಮಂದ ಇದ್ದವ್ರು."

ಕೆಳಗಿನ ಗೆರೆಗಳಲ್ಲಿ ಒಂದು ತನ್ನ ಮನೆಯದು ಎಂಬುದು ಮಾಸ್ತರರಿಗೆ ಗೊತ್ತಿತ್ತು. ಯಾವುದು ಎಂದು ಕೇಳಲು ಧೈರ್ಯ ಬರಲಿಲ್ಲ.

"ಅಂದ್ರ ನನ್ನ ಮಾತು ಕೇಳಿದವರ ಕಣ್ಣು ಕೆಡಾಕತ್ತೈತಿ," ಅಂದರು.

"ಹಂಗಲ್ರಿ ಸರ್ರ. ಮಾತಿನ್ಯಾಗ ಏನರ ತಪ್ಪು ತಿಳಿಯೂ ಹಂಗ ಐತೇನು ನೋಡೂಣು ಅಂತ."

ಮೂರು ವಾಕ್ಯಗಳನ್ನು ಹಾಕಿ ಕೇಳಿದರು. ಮತ್ತೆ ಕೇಳಿದರು. ಕಣ್ಣಿಗೆ ರಕ್ತ ಸಾಲದಿರುವುದು ನಿಜ. ಪ್ರೆಷರ್ ಇಳಿಯಬೇಕಾದದ್ದು ನಿಜ. ಔಷಧ ತಪ್ಪಿಸಬಾರದು, ಅದೂ ನಿಜ. ಒಂದರಲ್ಲೂ ಸುಳ್ಳಿಲ್ಲ. ಆ ಕೋಣೆಯಲ್ಲಿದ್ದವರಿಗೆಲ್ಲ ಹಗಲಿಡೀ ಕಣ್ಣಿನದೇ ಧ್ಯಾನ. ಅವರ ಕಿವಿಗೆ ಆ ವಾಕ್ಯ ತುಂಬಿಯೇ ಕೇಳಿತು.

ಬಸ್ಸಿನಲ್ಲಿ ಮರಳುವಾಗ ಮಾಸ್ತರರು ಮನಸ್ಸಿನಲ್ಲೇ ಪ್ರಾರ್ಥಿಸಿದರು. ನನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು ಅಂದರು. ಅಂದ ಮೇಲೆ, ತೋರಿಸದಿದ್ದರೆ ಒಳ್ಳೆಯದು ಎಂದು ತಾವು ಬಯಸುತ್ತಿರುವುದೂ ಅವರ ಅರಿವಿಗೆ ಬಂತು.

*

ಎರಡು ದಿನ ಬಿಟ್ಟು ಅವರು ಓಣಿಯ ಔಷಧ ಅಂಗಡಿಯ ಮುಂದೆ ಹಾಯ್ದು ಹೋಗುತ್ತಿದ್ದರು. ಅಂಗಡಿಯಲ್ಲಿ ಮಾಲೀಕರ ಸೊಸೆ ಕೂತಿದ್ದಳು. ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ಓಣಿಯ ಜನರ ಪರಿಚಯ ಅವಳಿಗೆ ಇನ್ನೂ ಪೂರ್ತಿ ಆಗಿರಲಿಲ್ಲ.

"ಮಾಸ್ತರ್ರ, ನಿಲ್ರಿ," ಎಂದು ಕರೆದಳು. "ಎಸ್ತೇರಬಾಯಾರ ಗುಳಿಗಿ ಬಂದಾವ್ರಿ. ಹೋದ ವಾರ ಸ್ಟಾಕ್ ಇರಲಿಲ್ಲ, ಅಕ್ಕಾರು ಬರಿಗೈಲೆ ಹೋದ್ರು. ಒಯ್ಯಿರಿ."

ಮಾಸ್ತರರಿಗೆ ಮೊದಲು ಕೇಳಿದ್ದು ಹೆಸರು ಮಾತ್ರ. ಇಷ್ಟು ದಿನದಲ್ಲಿ ಆ ಹೆಸರನ್ನು ಯಾರೂ ಹೀಗೆ, ಮನೆಯಲ್ಲಿ ಅಡಿಗೆ ಮಾಡುತ್ತ ಕೂತವಳ ಹೆಸರಿನಂತೆ, ಅಂದಿರಲಿಲ್ಲ. ಒಂದು ಕ್ಷಣ ಅವರಿಗೆ ಸಂತೋಷವೇ ಆಯಿತು. ಆಮೇಲೆ ಅಂಗಡಿಯ ಕಟ್ಟೆಯ ಹತ್ತಿರ ಬಂದರು.

"ಯಾವ ಗುಳಿಗಿ?"

"ಪ್ರೆಷರಿನ್ವು ರೀ. ಅವರ ಹೆಸರಿನ ಹಳೇ ಡಾಕ್ಟರ್ ಚೀಟಿ ತಂದು ತೋರಿಸ್ತಾರ, ಅದ ಕೊಡ್ತೀನಿ. ಯಾಕ್ರಿ, ಡಾಕ್ಟರ್ ಬದಲ ಮಾಡ್ಯಾರೇನು?"

ಆ ಹುಡುಗಿ ಎಷ್ಟು ಸಹಜವಾಗಿ ಅಂದಳು ಆ ಮಾತನ್ನು. ಪ್ರೆಷರಿನ್ವು. ಬೆಟಗೇರಿಯಲ್ಲಿ, ಗದಗಿನಲ್ಲಿ, ಹೊಂಬಳದಲ್ಲಿ, ಎಲ್ಲಿಯಾದರೂ ಸರಿ, ಪ್ರೆಷರ್ ಎಂದರೆ ಒಂದೇ: ತೋಳಿಗೆ ಪಟ್ಟಿ ಕಟ್ಟಿ ನೋಡುವುದು, ಉಪ್ಪು ಕಡಿಮೆ ತಿನ್ನುವುದು, ಸಿಟ್ಟು ಬಂದರೆ ಏರುವುದು. ಅವರ ಸ್ವಂತ ಮನೆಯಲ್ಲೇ ಇಪ್ಪತ್ತು ವರ್ಷ ಆ ಮಾತು ಆ ಅರ್ಥದಲ್ಲೇ ನಡೆದಿತ್ತು. "ನನ್ನ ಪ್ರೆಷರ್ ಏರಸಬ್ಯಾಡ್ರಿ," ಎಂದು ಎಸ್ತೇರ್ ವಾರಕ್ಕೊಮ್ಮೆಯಾದರೂ ಗದರುತ್ತಿದ್ದಳು. ಅದೇ ಪದವನ್ನು ಅವರು ಕಣ್ಣಿನ ಪೆಟ್ಟಿಗೆಗೆ ತಂದಿದ್ದರು. ಅದರ ಮುಂದೆ ಇದ್ದ ಒಂದು ಪದ ಅದನ್ನು ಹಿಡಿದು ನಿಲ್ಲಿಸಿತ್ತು. ಆ ಪದವನ್ನು ಅವರು ಕಿತ್ತುಹಾಕಿದ್ದರು.

ಮನೆಗೆ ಬಂದಾಗ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು.

"ಅಕ್ಕಾ, ಎಸ್ತೇರಿನ ಗುಳಿಗಿ ನೀ ತೊಗೊಳ್ಳಾಕತ್ತೀಯೇನು?"

ಆಕೆಯ ಕೈ ನಿಂತಿತು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ಮುಖ ಬಿಗಿಯಿತು.

"ಡಬ್ಬ್ಯಾಗ ಉಳದಿದ್ವು," ಅಂದಳು. "ನೀ ಒಗದಿರಲಿಲ್ಲ. ವ್ಯರ್ಥ ಆಕ್ಕಾವ ಅಂತ... ಪೆಟ್ಟಿಗಿ ದಿನಾ ಪ್ರೆಷರ್ ಇಳೀಬೇಕು, ಔಷಧ ತಪ್ಪಿಸಬ್ಯಾಡ ಅಂತೈತಿ. ರಾತ್ರಿ ಉಂಡ ಮ್ಯಾಲೆ ಒಂದು ತೊಗೊಂಡೆ. ಆದ್ರೂ ಬೆಳಿಗ್ಗೆ ಮತ್ತ ಅದನ್ನ ಅಂತು. ಒಂದು ಸಾಲವಲ್ದು ಅಂತ ಎರಡು ತೊಗೊಂಡೆ. ಡಬ್ಬ್ಯಾಗಿನವು ತೀರಿದ ಮ್ಯಾಲೆ ಅಂಗಡ್ಯಾಗಿಂದ ತಂದೆ. ನಿನ್ನ ಕೇಳಬೇಕಿತ್ತು, ತಪ್ಪಾತು. ಆಕಿ ವಸ್ತು ನಾ ಮುಟ್ಟಿದ್ದು ನಿನಗ ಬ್ಯಾಸರಾದೀತು ಅಂತ ಸುಮ್ಮನಿದ್ದೆ."

ಮಾಸ್ತರರಿಗೆ ಇಡೀ ಗಾಣ ಕಣ್ಣ ಮುಂದೆ ತಿರುಗಿತು. ಗುಳಿಗೆ ಹೃದಯದ ದೂಡುವ ಬಲವನ್ನು ಇಳಿಸಿತು. ನಿದ್ದೆಯಲ್ಲಿ ಅದು ಇನ್ನೂ ಇಳಿಯಿತು. ಕಣ್ಣಿನ ನರ ಇರುಳಿಡೀ ರಕ್ತಕ್ಕೆ ಬಾಯಿ ಬಿಟ್ಟಿತು. ಬೆಳಿಗ್ಗೆ ಪೆಟ್ಟಿಗೆ ನೋಡಿ, ರಕ್ತ ಸಾಲುತ್ತಿಲ್ಲ, ಪ್ರೆಷರ್ ಇಳಿಯಬೇಕು ಎಂದಿತು. ಅಕ್ಕ ಇನ್ನೊಂದು ಗುಳಿಗೆ ನುಂಗಿದಳು. ಎಷ್ಟು ನಿಷ್ಠೆಯಿಂದ ಮಾತು ಕೇಳಿದಳೋ ಅಷ್ಟು ಬೇಗ ಕತ್ತಲೆ.

"ಇವತ್ತಿಂದ ಬ್ಯಾಡ," ಅಂದರು. "ಒಂದೂ ಬ್ಯಾಡ."

"ಯಾಕ, ಏನಾತು?"

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಅವು ಕಣ್ಣಿನ ಔಷಧ ಅಲ್ಲ," ಎಂದಷ್ಟೇ ಅಂದು, ಫೋನ್ ಮಾಡಲು ಹೊರಗೆ ಹೋದರು.

*

ಮೆಹರುನ್ನಿಸಾಳಿಗೆ ಮಾತ್ರ ಅವರು ಒಂದನ್ನೂ ಮುಚ್ಚಲಿಲ್ಲ. ಅವಳು ಫೋನಿನಲ್ಲಿ, "ನಾನೂ ಕೇಳಿ ಒಪ್ಪಿದ್ನಲ್ರಿ ಸರ್ರ," ಅಂದಳು. ಅದೇ ದಿನ ಎಲ್ಲ ಪೆಟ್ಟಿಗೆಗಳ ಬಾಯಿ ಕಟ್ಟಿದರು. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋದರು. ಕೆಳಗಿನ ಗೆರೆಗಳ ಮನೆಗಳಲ್ಲೆಲ್ಲ ಅದೇ ಕಥೆ ಸಿಕ್ಕಿತು: ಒಬ್ಬರು ಗಂಡನ ಗುಳಿಗೆ ಹಂಚಿಕೊಂಡಿದ್ದರು, ಒಬ್ಬರು ತಮ್ಮದನ್ನೇ ಇಮ್ಮಡಿ ಮಾಡಿಕೊಂಡಿದ್ದರು. ಕೆಲವರ ಕಣ್ಣಿಗೆ ಹಾನಿಯಾಗಿತ್ತು, ಕೆಲವರದು ಅಷ್ಟರಲ್ಲಿ ಉಳಿದಿತ್ತು.

ಅಕ್ಕನನ್ನು ಕೇಂದ್ರಕ್ಕೆ ಕರೆದೊಯ್ದರು. ದೃಷ್ಟಿಯ ವಿಸ್ತಾರ ಅಳೆಯುವ ಯಂತ್ರದ ಮುಂದೆ ಆಕೆ ತಾಳ್ಮೆಯಿಂದ ಕೂತು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿದಳು. ಎಡಗಣ್ಣಿನ ಕೆಳಗಿನ ಅರ್ಧ ಹೋಗಿತ್ತು. ಬಲಗಣ್ಣಿನಲ್ಲಿ ಒಂದು ಮೂಲೆ ಕಪ್ಪಾಗಿತ್ತು. ಗುಳಿಗೆ ನಿಂತ ಮೇಲೆ ಹರಿವು ಮರಳತೊಡಗಿತ್ತು. ಸತ್ತ ನರ ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಮೆಹರುನ್ನಿಸಾ ಹೇಳಿದಳು.

ಅವಳು ಇನ್ನೊಬ್ಬ ರೋಗಿಯನ್ನು ನೋಡಲು ಎದ್ದುಹೋದಾಗ, ಹೆಸರು ಬರೆದುಕೊಳ್ಳುತ್ತಿದ್ದ ನರ್ಸ್ ತಲೆಯೆತ್ತದೆ ಕೇಳಿದಳು: "ಗುಳಿಗಿ ಯಾರು ಬರಕೊಟ್ಟಿದ್ರು ಅಮ್ಮಾರ?"

"ಯಾರೂ ಇಲ್ಲ. ನಾನ ತೊಗೊಂಡೆ."

"ಸಾಲಿ ಕಲಿಸಿದವ್ರು ಅಂತೀರಿ. ಸತ್ತವರ ಗುಳಿಗಿ ಯಾರರ ನುಂಗ್ತಾರೇನ್ರಿ? ಕಣ್ಣಿಗೂ ಬಿಪಿ ಗುಳಿಗಿಗೂ ಏನ್ ಸಂಬಂಧ? ಸ್ವಲ್ಪರ ತಿಳೀಬ್ಯಾಡಾ?"

"ಹೌದವ್ವಾ, ತಿಳೀಲಿಲ್ಲ," ಅಂದಳು ಅಕ್ಕ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಮಾಸ್ತರರು ಪಕ್ಕದ ಕುರ್ಚಿಯಲ್ಲಿದ್ದರು. ಅವರು ಬಾಯಿ ತೆರೆಯಲಿಲ್ಲ. ಆ ಮೌನಕ್ಕೆ ಅವರು ಆಮೇಲೆ ಹಲವು ಕಾರಣ ಹುಡುಕಿಕೊಂಡರು. ಅಲ್ಲಿ ಜನ ಇದ್ದರು, ನರ್ಸಿಗೆ ಹೇಳಿ ಏನಾಗಬೇಕು, ಮನೆಗೆ ಹೋಗಿ ನಿಧಾನವಾಗಿ ಹೇಳಿದರಾಯಿತು. ಮನೆಗೆ ಹೋದರು. ಅಲ್ಲಿಯೂ ಹೇಳಲಿಲ್ಲ. ಶಿಷ್ಯೆಯ ಮುಂದೆ ತಪ್ಪೊಪ್ಪಿಕೊಂಡಾಗ ಅವರಿಗೆ ಒಂದು ಬಗೆಯ ಗೌರವ ಉಳಿದಿತ್ತು. ದೊಡ್ಡವರು ನೋಡು, ಎಷ್ಟು ನೇರ ಎಂದು ಅವಳು ಅಂದುಕೊಂಡಿರಬೇಕು. ಅಕ್ಕನ ಮುಂದೆ ಅಂಥದ್ದು ಏನೂ ಉಳಿಯುತ್ತಿರಲಿಲ್ಲ. ಒಂದು ಪದ ಕಿವಿಗೆ ಚೆಂದ ಕೇಳಲಿಲ್ಲ ಎಂದು ನಿನ್ನ ಅರ್ಧ ಕಣ್ಣು ಹೋಯಿತು ಎಂದು ಯಾವ ಬಾಯಿಯಿಂದ ಹೇಳುವುದು?

ವಿಚಾರಣಾ ಸಮಿತಿ ಕೂತಿತು. ಇದು ಒಬ್ಬರ ತಪ್ಪಲ್ಲ, ಪರೀಕ್ಷೆಯ ಕ್ರಮದಲ್ಲೇ ದೋಷವಿತ್ತು ಎಂದು ತೀರ್ಮಾನಿಸಿತು. ಮಾಸ್ತರರನ್ನು ಯಾರೂ ಬೈಯಲಿಲ್ಲ. ಮತ್ತೆ ಅವರ ದನಿಯಲ್ಲೇ ಹೊಸ ವಾಕ್ಯ ಬೇಕೆಂದು ಕೇಳಿಕೊಂಡರು. ಅವರು ಬೇಡವೆಂದರು. ಜನಕ್ಕೆ ಪರಿಚಯವಾದ ದನಿಯೇ ತಿದ್ದಿ ಹೇಳಿದರೆ ಮಾತ್ರ ನಂಬುತ್ತಾರೆ ಎಂದು ಮೆಹರುನ್ನಿಸಾ ಅಂದಾಗ ಒಪ್ಪಬೇಕಾಯಿತು. "ಕಣ್ಣಿನ ಒಳಗಿನ ಪ್ರೆಷರ್ ಇಳಿಯಬೇಕು. ಕಣ್ಣಿಗೆ ಹಾಕುವ ಹನಿ ತಪ್ಪಿಸಬೇಡಿ. ಬಿಪಿ ಗುಳಿಗೆ ಬೇರೆ, ಅದನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ." ಕಣ್ಣಿನ ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ಓದು ನಿಲ್ಲಿಸಿ ಮೊದಲಿನಿಂದ ಹಿಡಿದರು. ಕೊಟ್ರೇಶ ಗಾಜಿನ ಆಚೆಯಿಂದ, "ಅವಸರ ಇಲ್ರಿ," ಎನ್ನುತ್ತ ಮತ್ತೆ ಮತ್ತೆ ಮುದ್ರಿಸಿಕೊಂಡ.

*

ಮನೆಯಲ್ಲಿ ಅಕ್ಕ ಕುಗ್ಗಿಬಿಟ್ಟಳು. ಬಲತ ಬೆಂಡೆಕಾಯಿ ತಂದರೂ ಏನೂ ಅನ್ನುತ್ತಿರಲಿಲ್ಲ. ಎಸ್ತೇರಿನ ಪಾತ್ರೆ, ಎಸ್ತೇರಿನ ಶಾಲು, ಏನು ಮುಟ್ಟುವುದಿದ್ದರೂ ಮೊದಲು ಕೇಳುತ್ತಿದ್ದಳು. "ಈ ಬುಟ್ಟಿ ತೊಗೊಳ್ಳೇನು, ಸತ್ಯಾ?" ಸಂಜೆ ಪ್ರಾರ್ಥನೆಯಲ್ಲಿ ಮೊದಲಾದರೆ ಓಣಿಯ ಎಲ್ಲರ ಹೆಸರು ಹೇಳುತ್ತಿದ್ದವಳು ಈಗ ತನ್ನ ಒಂದೇ ಮಾತು ಹೇಳುತ್ತಿದ್ದಳು. ಕೇಳದೆ ಮತ್ತೊಬ್ಬರದನ್ನು ತೆಗೆದುಕೊಂಡೆ, ತಿಳಿಯದೆ ನೀನು ಕೊಟ್ಟ ಕಣ್ಣು ಕೆಡಿಸಿಕೊಂಡೆ, ಕ್ಷಮಿಸು. ಪಕ್ಕದಲ್ಲಿ ಮೊಣಕಾಲೂರಿ ಮಾಸ್ತರರು 'ಆಮೆನ್' ಅನ್ನಬೇಕಾಗುತ್ತಿತ್ತು. ಅಂದರು. ದಿನಾ ಅಂದರು. ದೇವರ ಮುಂದೆ ತನ್ನ ಅಪರಾಧವನ್ನು ಇನ್ನೊಬ್ಬರ ಬಾಯಿಂದ ಹೇಳಿಸಿ ಅದಕ್ಕೆ ಹೂಂಗುಡುವವನು ತಾನಲ್ಲದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಅವರಿಗೆ ಅನ್ನಿಸುತ್ತಿತ್ತು. ಆದರೂ ಅಂದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸಭಾಪಾಲಕರು ಮನೆಗೆ ಬಂದರು. ಆ ಭಾನುವಾರ ಅಕ್ಕನ ಸರದಿ. ದೊಡ್ಡ ಅಕ್ಷರದಲ್ಲಿ ಪಾಠ ಅಚ್ಚು ಹಾಕಿಸಿ ತಂದಿದ್ದರು, ಸಾಲುಗಳ ನಡುವೆ ಒಳ್ಳೆ ಜಾಗ ಬಿಟ್ಟು.

"ಬ್ಯಾಡ್ರಿ ಅಯ್ಯನೋರ," ಅಂದಳು ಅಕ್ಕ.

"ಕಾಣತೈತಿ ನೋಡ್ರಿ ಬಾಯಾರ, ಇಷ್ಟು ದೊಡ್ಡದು ಮಾಡಸೀನಿ."

"ಕಾಣೂದರ ಮಾತಲ್ಲ. ಮೂರು ಮಾತು ಹೇಳಿದ್ರ ಅರ್ಥ ಆಗಲಿಲ್ಲ ನನಗ. ಅಂಥಾಕಿ ಸಭಾದ ಮುಂದ ನಿಂತು ದೇವರ ಮಾತು ಓದೂದು ಸರಿ ಅಲ್ಲ. ಓದಾಕ ಬಂದ್ರ ಆತೇನು, ತಿಳೀಬೇಕಲ್ಲ."

ಸಭಾಪಾಲಕರು ಸಮಾಧಾನ ಹೇಳಿ ಹೋದರು. ಹಾಳೆ ಮೇಜಿನ ಮೇಲೆ ಉಳಿಯಿತು. ಅಕ್ಕ ಅಡಿಗೆಮನೆಯಲ್ಲಿ ಕೂತು ಮೊರಕ್ಕೆ ಅಕ್ಕಿ ಸುರಿದುಕೊಂಡು, ಕಲ್ಲುಗಳನ್ನು ಬೆರಳಿನಿಂದ ತಡಕಿ ಆರಿಸತೊಡಗಿದಳು. ಮಾಸ್ತರರು ಹೋಗಿ ಎದುರಿಗೆ ನೆಲದ ಮೇಲೆ ಕೂತರು. ಎಷ್ಟೋ ವರ್ಷಗಳಿಂದ ಅವರು ನೆಲದ ಮೇಲೆ ಕೂತಿರಲಿಲ್ಲ.

"ಏಳಾಕ ಬರೂದಿಲ್ಲ ನಿನಗ, ಯಾಕ ಕುಂತಿ?"

"ಅಕ್ಕಾ, ಪೆಟ್ಟಿಗಿ ಮಾತಿನ್ಯಾಗ ಒಂದು ಪದ ಇತ್ತು. ಪ್ರೆಷರಿನ ಮುಂದ. ಕಣ್ಣಿನ ಅಂತ. ಕಣ್ಣಿನ ಪ್ರೆಷರ್ ಇಳಿಯಬೇಕು ಅಂತ ಬರದಿದ್ದೆ."

"ಹಂಗ ಎಲ್ಲಿ ಅಂತಿತ್ತು ಅದು?"

"ಅನ್ನಲಿಲ್ಲ. ನಾ ಆ ಪದ ತಗದೆ."

ಆಕೆಯ ಬೆರಳು ಅಕ್ಕಿಯಲ್ಲಿ ನಿಂತವು. "ಯಾಕ ತಗದಿ?"

"ಎರಡು ಸಲ ಬಂತು, ಕಣ್ಣು ಅಂತ. ಕೇಳಾಕ ಚಂದ ಅನಸ್ಲಿಲ್ಲ."

ಅಷ್ಟೇ ಹೇಳುವುದಿತ್ತು. ಇದಕ್ಕಾಗಿ ಎಷ್ಟು ದಿನದಿಂದ ಎಷ್ಟು ವಾಕ್ಯ ಕಟ್ಟಿಕೊಂಡಿದ್ದರು. ಹೇಳಿ ಮುಗಿದ ಮೇಲೆ ಅದು ಇಷ್ಟು ಚಿಕ್ಕದಾಗಿತ್ತು.

ಅಕ್ಕ ಮೊರವನ್ನು ಪಕ್ಕಕ್ಕಿಟ್ಟಳು. ತಮ್ಮನ ಮುಖವನ್ನು ನೋಡಲು ತಲೆ ಸ್ವಲ್ಪ ತಗ್ಗಿಸಬೇಕಾಯಿತು. ಎಡಗಣ್ಣಿಗೆ ಈಗ ಕೆಳಗಿನದು ಕಾಣುತ್ತಿರಲಿಲ್ಲ.

"ಹಂಗಾದ್ರ ನಾ ದಡ್ಡಿ ಅಲ್ಲ," ಅಂದಳು.

"ಅಲ್ಲಕ್ಕ."

"ಪ್ರೆಷರ್ ಅಂದ್ರ ಯಾರಿಗಾದ್ರೂ ಹಂಗ ತಿಳೀತೈತಿ."

"ಎಲ್ಲಾರಿಗೂ ಹಂಗ ತಿಳಿದೈತಿ. ಊರೂರಾಗ."

"ಇದು ನಿನಗ ಯಾವಾಗ ಗೊತ್ತಾತು?"

"ಗುಳಿಗಿ ಅಂಗಡಿ ಮುಂದ ಗೊತ್ತಾತು. ಸಂಕ್ರಾಂತಿ ಆದ ಮ್ಯಾಲೆ."

ಆಕೆ ಲೆಕ್ಕ ಹಾಕುತ್ತಿರುವುದು ಅವರಿಗೆ ಕಂಡಿತು. ನರ್ಸಿನ ಮಾತು, ಸಂಜೆಯ ಪ್ರಾರ್ಥನೆಗಳು, ಸಭಾಪಾಲಕರು ಈಗಷ್ಟೇ ಎದ್ದುಹೋದದ್ದು. ಒಂದೊಂದಾಗಿ ಎಲ್ಲವೂ ಆಕೆಯ ಮುಖದ ಮೇಲೆ ಹಾದುಹೋದವು.

"ಪದ ತಗದದ್ದು ಇರ್ಲಿ," ಅಂದಳು. ದನಿ ಏರಿರಲಿಲ್ಲ. "ಅದು ನಿನಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದ್ರ ಆ ಹುಡುಗಿ ನನ್ನ ಬೈಯ್ಯಾಕತ್ತಾಗ ನೀ ಬಾಜೂಕ ಕುಂತಿದ್ದಿ. ನಾ ದೇವರ ಮುಂದ ಕುಂತು ಅತ್ತೆ, ನೀ ಆಮೆನ್ ಅಂದಿ. ಇಷ್ಟು ದಿನ ನನ್ನ ದಡ್ಡಿ ಅಂತ ಇರಗೊಟ್ಟಿ."

"ಕ್ಷಮಿಸಕ್ಕ. ನಾ ಹೆಂಗ ಹೇಳಲಿ ಅಂತ..."

"ಮಾತು ಬ್ಯಾಡ, ಸತ್ಯಾ. ನಿನ್ನ ಮಾತು ಬಾಳ ಕೇಳೀನಿ."

ಕ್ಷಮೆ ಕೇಳುವುದಕ್ಕೆ ಇದ್ದ ಒಂದೇ ಸಾಧನವನ್ನು ಆಕೆ ಕಸಿದುಕೊಂಡಿದ್ದಳು. ಅದು ನ್ಯಾಯವೆಂದು ಮಾಸ್ತರರಿಗೆ ತಿಳಿಯಿತು. ಹೊರಗೆ ನೇಕಾರರ ಮನೆಯೊಂದರಲ್ಲಿ ಮಗ್ಗದ ಸದ್ದು ಎದ್ದು, ನಿಂತುಹೋಯಿತು.

ಅಕ್ಕ ಗೋಡೆ ಹಿಡಿದು ಎದ್ದಳು. ಕೈ ತೊಳೆದುಕೊಂಡಳು. ಹೊರಕೋಣೆಗೆ ಹೋಗಿ ಮೇಜಿನ ಮೇಲಿನ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು, ಕಿಟಕಿಯ ಪಕ್ಕ ಕೂತು, ಬಾಯೊಳಗೇ ಓದಿಕೊಳ್ಳತೊಡಗಿದಳು. ಸಾಲು ಮುಗಿದಾಗ ಕೆಳಗಿನ ಸಾಲನ್ನು ಬೆರಳಿನಿಂದ ಹುಡುಕಿದಳು. ಮಾಸ್ತರರಿಗೆ ನೆಲದಿಂದ ಏಳಲು ಬಹಳ ಹೊತ್ತು ಹಿಡಿಯಿತು. ಎದ್ದು ಬಂದು ಬಾಗಿಲಲ್ಲಿ ನಿಂತರು. ನೆರವಿಗೆ ಹೋಗಲು ಕಾಲು ಮುಂದೆ ಬಂತು, ಕರೆಯದೆ ಹೋಗಬಾರದೆಂದು ನಿಂತಿತು.

ಹನಿ ಹಾಕುವ ಹೊತ್ತಾಯಿತು. ಈಚೆಗೆ ಆಕೆಗೆ ಶೀಶೆಯ ಬಾಯಿ ಕಣ್ಣಿನ ನೇರಕ್ಕೆ ಸಿಗುತ್ತಿರಲಿಲ್ಲ. ಹನಿ ಕೆನ್ನೆಗೆ ಬೀಳುತ್ತಿತ್ತು. ದಿನಾ ಮಾಸ್ತರರೇ ಹಾಕುತ್ತಿದ್ದರು. ಇವತ್ತು ಶೀಶೆ ತೆಗೆದುಕೊಳ್ಳಲೋ ಬೇಡವೋ ತಿಳಿಯದೆ ಅವರು ನಿಂತೇ ಇದ್ದರು.

ಅಕ್ಕ ಹಾಳೆಯನ್ನು ಮಡಿಲಿಗಿಟ್ಟು, ತಲೆಯನ್ನು ಹಿಂದಕ್ಕೆ ಚಾಚಿ, ಮುಖವನ್ನು ಸೂರಿನ ಕಡೆಗೆ ಎತ್ತಿದಳು. ಕೆಳರೆಪ್ಪೆಯನ್ನು ತಾನೇ ಬೆರಳಿನಿಂದ ಎಳೆದು ಹಿಡಿದಳು. ಕರೆಯಲಿಲ್ಲ, ಬೈಯಲೂ ಇಲ್ಲ.

ಮಾಸ್ತರರು ಹೋಗಿ ಶೀಶೆಯ ಮುಚ್ಚಳ ತೆಗೆದರು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದು, ಶೀಶೆಯ ಬಾಯಿ ಕಣ್ಣಿನ ನೇರಕ್ಕೆ ನಿಲ್ಲುವವರೆಗೆ ಕಾದರು. ಅಷ್ಟೂ ಹೊತ್ತು ಅಕ್ಕ ರೆಪ್ಪೆ ಮಿಟುಕಿಸದೆ, ಆ ಕಣ್ಣನ್ನು ಅವರಿಗಾಗಿ ತೆರೆದೇ ಹಿಡಿದಿದ್ದಳು.